ಸೊನ್ನೆಯನ್ನೂ ಬರೆಸುವವರು

ಅಳಿವೆಯಲ್ಲಿ ಪಾಠ ಮಾಡುವವರಿಗೆ ಶಾಲೆಯ ಗಂಟೆಗಿಂತ ಚಂದ್ರನ ಲೆಕ್ಕ ಮುಖ್ಯ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಶನಿವಾರ ಹತ್ತು ಗಂಟೆಗೆ ಕೆಸರುಬಯಲು ಕಂಡರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಅಲ್ಲಿ ಭರತದ ನೀರು ತುಂಬಿರುತ್ತದೆ; ಅದರಾಚೆಯ ಶನಿವಾರ ಮತ್ತೆ ಕೆಸರು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ, ಅಷ್ಟೇ ರಭಸದಿಂದ ಮರಳುತ್ತದೆ. ಆದ್ದರಿಂದ ಕೆಲಸ ಬಲ್ಲವರು ಮಕ್ಕಳಿಗೆ ಮೊದಲು ಹೇಳುವುದು ಎಷ್ಟು ಹೊತ್ತಿಗೆ ವಾಪಸು ಹೊರಡಬೇಕು ಎಂಬುದನ್ನು. ಏಡಿ, ಹಕ್ಕಿಗಳ ಮಾತೆಲ್ಲ ಆಮೇಲೆ.

ಕುಮಟಾ ಬಳಿಯ ಅಘನಾಶಿನಿಯ ಅಳಿವೆಯನ್ನೇ ನೋಡಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕಡಲು ಸೇರುವ ನದಿ ಅದು. ಕಾಂಡ್ಲಾ ಕಾಡು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ, ಬಳಚು ಆರಿಸುವ ಹೆಂಗಸರು, ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು ಎಲ್ಲವೂ ಅಲ್ಲಿವೆ. 2024ರಲ್ಲಿ ಈ ಅಳಿವೆ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಂಥ ಜಾಗವನ್ನು ವರ್ಷಕ್ಕೊಮ್ಮೆ ಬಂದು ಹೋಗುವ ವಿಜ್ಞಾನಿಯೊಬ್ಬರೇ ಅರಿಯಲಾರರು. ದಂಡೆಯ ಮೇಲೆಯೇ ಬದುಕುವವರು ಒಂದೇ ಕ್ರಮದಲ್ಲಿ, ತಿಂಗಳು ತಿಂಗಳೂ ಅಳೆದು ಬರೆದಿಡಬೇಕು. ನಾಗರಿಕ ವಿಜ್ಞಾನವೆಂದರೆ ಇಷ್ಟೇ. ಆ ಕ್ರಮವನ್ನು ಕಲಿಸುವುದು ಮಾತ್ರ ಸುಲಭದ ಕೆಲಸವಲ್ಲ.

ಏಡಿ ಎಣಿಸುವುದನ್ನು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಪೈಪಿನಿಂದ ಮಾಡಿದ ಅರ್ಧ ಮೀಟರಿನ ಚೌಕಟ್ಟೊಂದನ್ನು ಹುಡುಗನ ಕೈಗೆ ಕೊಟ್ಟರೆ ಅವನು ಎಲ್ಲಿ ಇಡುತ್ತಾನೆ? ಬಿಲಗಳು ಕಿಕ್ಕಿರಿದ ಕಡೆ. ಅದು ಸಹಜ, ಅಷ್ಟು ದೂರ ಕೆಸರು ತುಳಿದು ಬಂದದ್ದೇ ಏಡಿ ನೋಡಲಿಕ್ಕಲ್ಲವೇ? ಅವನ ಉತ್ಸಾಹ ಕುಂದದಂತೆ ಅವನ ಕೈಯನ್ನು ಆ ಜಾಗದಿಂದ ಬಿಡಿಸಬೇಕು. ಅದಕ್ಕೆ ಕಾಂಡ್ಲಾದ ಅಂಚಿನಿಂದ ನೀರಿನ ಅಂಚಿನವರೆಗೆ ಹಗ್ಗವೊಂದನ್ನು ಎಳೆದು, ಪ್ರತಿ ಐದು ಮೀಟರಿಗೆ ಗಂಟು ಹಾಕುತ್ತಾರೆ. ಗಂಟು ಎಲ್ಲಿ ಬೀಳುತ್ತದೋ ಚೌಕಟ್ಟು ಅಲ್ಲಿ. ಬರಿಯ ಕೆಸರಿದ್ದರೂ ಅಲ್ಲೇ. ಆಗ ಮಕ್ಕಳು ಕೋಷ್ಟಕದಲ್ಲಿ ಆ ಸಾಲನ್ನು ಖಾಲಿ ಬಿಡುತ್ತಾರೆ. ಒಳ್ಳೆಯ ಶಿಕ್ಷಕಿ ಅಲ್ಲಿ ನಿಲ್ಲಿಸಿ ಕೇಳುತ್ತಾಳೆ: ಇಲ್ಲಿ ನೋಡಲಿಲ್ಲವೋ, ನೋಡಿಯೂ ಸಿಗಲಿಲ್ಲವೋ? ಖಾಲಿ ಜಾಗ ನೋಡದವನದು, ಸೊನ್ನೆ ನೋಡಿದವನದು. ಇಡೀ ವಿದ್ಯೆ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಅದಾದ ಮೇಲೆ ಕೋಷ್ಟಕದ ತಲೆಬರಹ. ‘ಏಡಿಗಳ ಸಂಖ್ಯೆ’ ಎಂದು ಬರೆದಿದ್ದರೆ ಅದನ್ನು ಹೊಡೆದು ‘ಬಿಲಗಳ ಸಂಖ್ಯೆ’ ಎಂದು ಬರೆಸುತ್ತಾರೆ. ಬಿಲ ಕಂಡದ್ದು ನಿಜ. ಒಳಗೆ ಏಡಿ ಇದೆಯೋ, ಬಿಟ್ಟುಹೋಗಿದೆಯೋ ಯಾರು ಬಲ್ಲರು? ಹೊಡೆದದ್ದು ಕೂಡ ಒಂದೇ ಗೆರೆಯಲ್ಲಿ, ಕೆಳಗಿನ ಅಕ್ಷರ ಓದಲು ಬರುವಂತೆ. ರಬ್ಬರಿಗೆ ಇಲ್ಲಿ ಕೆಲಸವಿಲ್ಲ.

ನೀರಿನ ಪಾಠ ಇನ್ನೂ ಸೊಗಸು. ತಿಳಿತನ ನೋಡಲು ಕಪ್ಪುಬಿಳುಪಿನ ತಟ್ಟೆಯೊಂದನ್ನು ದಾರ ಕಟ್ಟಿ ಇಳಿಬಿಡುತ್ತಾರೆ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ಬಿಳಿ ತಟ್ಟೆಗಳಿಂದ ಆರಂಭಿಸಿದ ಪದ್ಧತಿ, ಇಂದಿಗೂ ಹಳತಾಗಿಲ್ಲ. ತಟ್ಟೆ ಕಣ್ಮರೆಯಾದ ಆಳ ಒಂದು, ಮೇಲೆಳೆವಾಗ ಮತ್ತೆ ಕಂಡ ಆಳ ಇನ್ನೊಂದು. ಎರಡರ ಸರಾಸರಿಯೇ ಉತ್ತರ. ಮೂವರು ನೋಡಿದರೆ ಮೂರು ಉತ್ತರ ಬರುತ್ತದೆ, ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ. ಸರಿ ಯಾವುದೆಂದು ಶಿಕ್ಷಕಿ ತೀರ್ಪು ಕೊಡುವುದಿಲ್ಲ, ಮೂರನ್ನೂ ಬರೆಸುತ್ತಾಳೆ. ಮುಂದೊಂದು ದಿನ ಅಂಕಿ ಅಷ್ಟೇ ವ್ಯತ್ಯಾಸವಾದರೆ ಬದಲಾದದ್ದು ನದಿಯೋ, ನೋಡುವ ಕಣ್ಣೋ ಎಂದು ಕೇಳಲು ಈ ಜಗಳವೇ ಬೇಕು.

ಉಪ್ಪಿಗೆ ಬೇರೆ ಉಪಾಯ. ಕಲ್ಲು ಕಟ್ಟಿದ ಬಾಟಲಿಯನ್ನು ತಳಕ್ಕಿಳಿಸಿ, ದಾರ ಜಗ್ಗಿ ಬಿರಡೆ ಕೀಳುತ್ತಾರೆ. ಮೇಲಿನ ನೀರು ಇನ್ನೊಂದು ಬಾಟಲಿಯಲ್ಲಿ. ರಿಫ್ರಾಕ್ಟೋಮೀಟರಿನ ಗಾಜಿಗೆ ಮೊದಲು ಬಟ್ಟಿ ಇಳಿಸಿದ ನೀರು ಹಾಕಿ ಸೊನ್ನೆಗೆ ಹೊಂದಿಸಿ, ಆಮೇಲೆ ಇವುಗಳ ಹನಿ. ಕಡಲಿನ ನೀರು ಸಾವಿರಕ್ಕೆ 35ರಷ್ಟು ಉಪ್ಪು. ಇಲ್ಲಿ ಒಂದೇ ಜಾಗದ ಎರಡು ಬಾಟಲಿಗಳ ಲೆಕ್ಕ ಬೇರೆಬೇರೆ ಬರಬಹುದು, ಯಾಕೆಂದರೆ ಭಾರವಾದ ಉಪ್ಪುನೀರು ಸಿಹಿನೀರಿನಡಿ ಹರಿದುಬರುತ್ತದೆ. ಅದೇಕೆಂದು ಹೇಳುವ ಮೊದಲು, ಬಲ್ಲ ಶಿಕ್ಷಕಿ ಮಕ್ಕಳನ್ನು ಬಳಚು ಆರಿಸುವ ಹೆಂಗಸರ ಹತ್ತಿರ ಕರೆದೊಯ್ಯುತ್ತಾಳೆ. ಯಾವ ಚಿಪ್ಪು ಎಲ್ಲಿ ಸಿಗುತ್ತದೆ ಎಂದು ಅಕ್ಕ ಹೇಳುತ್ತಾ ಹೋದಂತೆ, ಉಪ್ಪಿನ ನಕಾಶೆಯೇ ಹರಡಿಕೊಳ್ಳುತ್ತದೆ. ಕಪ್ಪು ಚಿಪ್ಪಿನ ವಿಲ್ಲೊರಿಟಾ ಉಪ್ಪು ಕಮ್ಮಿಯಿರುವ ಮೇಲ್ಭಾಗದ್ದು, ಪ್ಯಾಫಿಯಾ ಅಳಿವೆಬಾಯಿಯ ಹತ್ತಿರದ್ದು. ಅವರ ಜಾಗ ತುಳಿಯುವ ಮುನ್ನ ಅವರನ್ನು ಕೇಳುವ ಮರ್ಯಾದೆಯನ್ನೂ ಮಕ್ಕಳು ಅಲ್ಲೇ ಕಲಿಯುತ್ತಾರೆ.

ಹೆಸರಿನ ವಿಷಯದಲ್ಲಿ ಇವರದು ಹಟದ ಸಂಯಮ. ಮಗು ಎತ್ತಿ ತೋರಿಸಿದ ಶಂಖದ ಹೆಸರು ಬಾಯಿತುದಿಯಲ್ಲೇ ಇದ್ದರೂ ಹೇಳುವುದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಸಿ, ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿಸುತ್ತಾರೆ. ಖಚಿತವಿಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಜೂನ್ ಬಂದಾಗ ತೊಡಕು. ಮಳೆನೀರು ಇಳಿದು ಉಪ್ಪು ಕುಸಿಯುವ ಆ ದಿನಗಳ ಅಂಕಿಯೇ ಎಲ್ಲಕ್ಕಿಂತ ಬೇಕಾದದ್ದು. ಮಕ್ಕಳನ್ನು ದಂಡೆಗೆ ಕರೆದೊಯ್ಯಲಾಗದ ದಿನಗಳೂ ಅವೇ. ಜಾಣರು ಆಗ ತಾರಿ ದೋಣಿಯವರ ಮೊರೆ ಹೋಗುತ್ತಾರೆ. ಧಕ್ಕೆಯಿಂದ ದಿನಕ್ಕೊಂದು ಬಾಟಲಿ ನೀರು, ಮೇಲೆ ಚೀಟಿ: ದಿನಾಂಕ, ಗಂಟೆ, ಭರತವೋ ಇಳಿತವೋ. ಮುಚ್ಚಳ ಬಿಗಿಯಾಗಿದ್ದರೆ ಉಪ್ಪಿನ ಲೆಕ್ಕ ಬದಲಾಗುವುದಿಲ್ಲ. ಮಳೆ ಬಿಡುವು ಕೊಟ್ಟಾಗ ಶಾಲೆಯ ಬೆಂಚಿನ ಮೇಲೆ ಬಾಟಲಿಗಳನ್ನು ಸಾಲಾಗಿಟ್ಟು ಮಕ್ಕಳು ಒಂದೊಂದಾಗಿ ಅಳೆಯಬಹುದು. ದೋಣಿಯವರು ನೀರು ತೆಗೆಯದ ದಿನದ ಎದುರು ಸೊನ್ನೆ ಹಾಕುವುದಿಲ್ಲ, ಖಾಲಿ ಬಿಡುತ್ತಾರೆ.