ಸೂಪ್ ಪೊಟ್ಟಣದೊಳಗಿನ ಟೊಮೆಟೊ ಪುಡಿ

ಪ್ರಶ್ನೆ: ದಿಢೀರ್ ಸೂಪ್‌ಗೆ ಹಾಕುವ ಟೊಮೆಟೊ ಪುಡಿಯನ್ನು ಬಿಸಿಲಲ್ಲಿ ಒಣಗಿಸಿ ಮಾಡುತ್ತಾರೆಯೇ?

ಉತ್ತರ: ನುಣ್ಣನೆಯ ಪುಡಿಗೆ ಹೆಚ್ಚಾಗಿ ಬಳಸುವುದು ‘ಸ್ಪ್ರೇ ಡ್ರೈಯಿಂಗ್’ ವಿಧಾನ. ಗಟ್ಟಿಗೊಳಿಸಿದ ಟೊಮೆಟೊ ರಸವನ್ನು ಎತ್ತರದ ಉಕ್ಕಿನ ಕೋಣೆಯೊಳಗೆ ಮಂಜಿನಂತೆ ಸಿಂಪಡಿಸುತ್ತಾರೆ. ಒಳಬರುವ ಗಾಳಿಯ ಬಿಸಿ ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್. ಆದರೂ ಹನಿ ಸುಟ್ಟುಹೋಗುವುದಿಲ್ಲ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹನಿಯನ್ನು ಕಾಯುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ. ಕೆಲವೇ ಸೆಕೆಂಡುಗಳಲ್ಲಿ ಹನಿ ಪುಡಿಯಾಗುತ್ತದೆ.

ಟೊಮೆಟೊದ ಸಕ್ಕರೆ, ಹುಳಿ ಅಂಶಗಳು ಗೋಡೆಗೆ ಅಂಟುತ್ತವೆ. ಅದನ್ನು ತಡೆಯಲು ಪಿಷ್ಟದಿಂದ ತಯಾರಿಸಿದ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ ಈ ಹೆಸರಿರುವುದಕ್ಕೆ ಇದೂ ಒಂದು ಕಾರಣ.

ಪರಿಮಳ ಮತ್ತು ಸಿ ಜೀವಸತ್ವ ಒಂದಿಷ್ಟು ನಷ್ಟವಾಗುವುದರಿಂದ ಇದು ತಾಜಾ ಹಣ್ಣಿಗೆ ಸಾಟಿಯಲ್ಲ. ಒಡೆದ ಪೊಟ್ಟಣದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಾಗಿದರೆ ಗಂಟುಕಟ್ಟುತ್ತದೆ.