ತರಗತಿಯ ತೂಕಡಿಕೆ ಮತ್ತು ರಾತ್ರಿಯ ಉಸಿರು

ಪಾಠದ ನಡುವೆ ತೂಕಡಿಸುವ ಸ್ಥೂಲಕಾಯದ ಮಗುವಿಗೆ ‘ಕುಂಭಕರ್ಣ’ನೆಂಬ ಅಡ್ಡಹೆಸರು ಬಹುಬೇಗ ಅಂಟಿಕೊಳ್ಳುತ್ತದೆ; ಅದನ್ನು ಅಂಟಿಸುವವರು ಸದಾ ಸಹಪಾಠಿಗಳೇ ಎನ್ನುವಂತಿಲ್ಲ. ಆದರೆ ಅಂಥ ಮಗು ರಾತ್ರಿ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದರೂ ಸರಿಯಾದ ನಿದ್ರೆಯನ್ನು ಪಡೆಯದಿರುವುದು ಸಾಧ್ಯ. ಜೋರಾದ ಗೊರಕೆಯನ್ನು ಗಾಢನಿದ್ರೆಯ ಗುರುತೆಂದೇ ಎಣಿಸುವ ವಾಡಿಕೆಯಿಂದಾಗಿ ಮನೆಯವರೂ ಇದನ್ನು ಗಮನಿಸುವುದಿಲ್ಲ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕತ್ತಿನಲ್ಲಿಯೂ ನಾಲಿಗೆಯಲ್ಲಿಯೂ ಕೊಬ್ಬು ಸೇರಿದ್ದರೆ ಉಸಿರಿನ ದಾರಿ ಮೊದಲೇ ಕಿರಿದಾಗಿರುತ್ತದೆ. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶ ಪೂರ್ಣವಾಗಿ ಹಿಗ್ಗದು. ಮಕ್ಕಳಲ್ಲಿ ದೊಡ್ಡದಾದ ಟಾನ್ಸಿಲ್, ಅಡಿನಾಯ್ಡ್‌ಗಳೂ ಇದಕ್ಕೆ ಕೂಡಿಕೊಳ್ಳುತ್ತವೆ; ತೆಳ್ಳಗಿನ ಮಗುವಿಗೂ ಈ ತೊಂದರೆ ಬರಬಲ್ಲುದು ಇದೇ ಕಾರಣದಿಂದ. ದಾರಿ ಮುಚ್ಚಿದಾಗ ರಕ್ತದಲ್ಲಿನ ಆಮ್ಲಜನಕ ಇಳಿಯುತ್ತದೆ. ಮೆದುಳು ಕ್ಷಣಕಾಲ ಎಚ್ಚೆತ್ತು ಏದುಸಿರಿನೊಡನೆ ಅದನ್ನು ತೆರೆಸುತ್ತದೆ. ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ರಾತ್ರಿಯಿಡೀ ಮರುಕಳಿಸಿದರೂ ಬೆಳಗ್ಗೆ ಮಗುವಿಗೆ ನೆನಪಿರದು.

ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ನಿಂತಲ್ಲಿಯೇ ನಿದ್ರಿಸುವ ಜೋ ಎಂಬ ದಪ್ಪ ಹುಡುಗ ನಗೆಯ ಪಾತ್ರ. 1956ರಲ್ಲಿ ಅಮೆರಿಕದ ವೈದ್ಯರು ಇಂಥ ಲಕ್ಷಣಗಳ ರೋಗಿಯೊಬ್ಬನನ್ನು ವರ್ಣಿಸುವಾಗ ಆ ಕಾದಂಬರಿಯ ಹೆಸರನ್ನೇ ಬಳಸಿದರು. ನಗೆಗೂ ರೋಗನಿದಾನಕ್ಕೂ ನಡುವೆ ಸಂದದ್ದು ಸುಮಾರು 120 ವರ್ಷ! ಇಂದು ಆ ಹೆಸರು ಸಲ್ಲುವುದು, ಸ್ಥೂಲಕಾಯದವರಲ್ಲಿ ಎಚ್ಚರವಿರುವಾಗಲೂ ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವ ತೀವ್ರತರ ಸ್ಥಿತಿಗೆ. ಅದು ಬಹುಮಟ್ಟಿಗೆ ವಯಸ್ಕರ ಕಾಯಿಲೆ.

ತೂಕಡಿಕೆಯೊಂದನ್ನೇ ನೋಡುತ್ತ ಕುಳಿತರೆ ಶಿಕ್ಷಕರು ಮೋಸಹೋಗುವರು. ನಿದ್ರೆಗೆಟ್ಟ ಮಗು ಹಲವೊಮ್ಮೆ ಚಡಪಡಿಸುತ್ತದೆ, ಸಿಡುಕುತ್ತದೆ, ಓದಿದ್ದನ್ನು ಮರೆಯುತ್ತದೆ. ಬಾಯಿಯಿಂದ ಉಸಿರಾಡುತ್ತದೆ, ಬೆಳಗ್ಗೆ ತಲೆನೋವೆನ್ನುತ್ತದೆ. ಪೋಷಕರನ್ನು ಏಕಾಂತದಲ್ಲಿ ಕೇಳಬೇಕಾದದ್ದು ಇಷ್ಟು: ವಾರದಲ್ಲಿ ಮೂರು ರಾತ್ರಿಯಾದರೂ ಗೊರಕೆ ಉಂಟೇ? ಗೊರಕೆ ಹಠಾತ್ತನೆ ನಿಂತು ಮತ್ತೆ ಏದುಸಿರು ಕೇಳುವುದೇ? ನಿಂತುಹೋಗಿದ್ದ ಹಾಸಿಗೆ ಒದ್ದೆಮಾಡುವಿಕೆ ಮರಳಿದೆಯೇ? ತೂಕದ ಮಾತನ್ನು ತರಗತಿಯಲ್ಲಿ ಎತ್ತಲೇಬಾರದು.

ಗಡಿನಾಡಿನ ಶಿಕ್ಷಕರಿಗೆ ಇನ್ನೊಂದು ಕೆಲಸವಿದೆ. ಮನೆಯಲ್ಲಿ ಗೊರಕೆಯೆಂದದ್ದನ್ನು ಆಸ್ಪತ್ರೆಯಲ್ಲಿ ಕಾಸರಗೋಡಿನವರು ಕೂರ್ಕಂವಲಿಯೆಂದೂ ತಾಳವಾಡಿಯವರು ಕುರಟ್ಟೈಯೆಂದೂ ಜತ್ತಿನವರು ಘೋರಣೆಯೆಂದೂ ಹೇಳಬೇಕಾದೀತು. ಆದೋನಿಯವರ ಪಾಡು ಸುಲಭ, ತೆಲುಗಿನ ಗುರಕ ನೆರೆಯ ಪದವೇ. ಆದರೆ ಉಸಿರು ನಿಂತು ಮರಳುವ ಪರಿಯನ್ನು ಪರಭಾಷೆಯಲ್ಲಿ ವಿವರಿಸುವುದು ಯಾವ ತಾಯಿಗೂ ಸುಲಭವಲ್ಲ. ಶಿಕ್ಷಕರು ರಾಜ್ಯಭಾಷೆಯಲ್ಲಿ ಬರೆದುಕೊಟ್ಟ ನಾಲ್ಕು ಸಾಲು, ಮಲಗಿದ ಮಗುವಿನ ಉಸಿರನ್ನು ಮನೆಯವರು ಮೊಬೈಲಿನಲ್ಲಿ ಹಿಡಿದ ಒಂದೆರಡು ನಿಮಿಷದ ದೃಶ್ಯ, ಇವೆರಡೂ ವೈದ್ಯರಿಗೆ ಬಹಳ ನೆರವಾಗುತ್ತವೆ.

ರೋಗವನ್ನು ನಿರ್ಧರಿಸುವುದು ಶಾಲೆಯ ಕೆಲಸವಲ್ಲ. ವೈದ್ಯರು ಗಂಟಲು, ಮೂಗು, ರಕ್ತದೊತ್ತಡಗಳನ್ನು ನೋಡಿ, ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಕೋಷ್ಟಕದಲ್ಲಿ ದೇಹತೂಕ ಸೂಚ್ಯಂಕವನ್ನು ಅಳೆಯುತ್ತಾರೆ. ಇಲ್ಲಿ ವಯಸ್ಕರ 30ರ ಗಡಿ ಅನ್ವಯಿಸದು. ಖಚಿತ ಪರೀಕ್ಷೆಯೆಂದರೆ ಒಂದು ರಾತ್ರಿಯ ನಿದ್ರಾ ಅಧ್ಯಯನ. ಗಂಟೆಗೆ 5ಕ್ಕಿಂತ ಕಡಮೆ ತಡೆಗಳು ವಯಸ್ಕರಲ್ಲಿ ಸಹಜವೆನಿಸಿದರೆ, ಮಕ್ಕಳಲ್ಲಿ 1 ತಡೆಯೂ ಗಮನಾರ್ಹ. ಟಾನ್ಸಿಲ್, ಅಡಿನಾಯ್ಡ್ ಶಸ್ತ್ರಚಿಕಿತ್ಸೆಯಿಂದ ಅನೇಕರು ಗುಣಹೊಂದುತ್ತಾರೆ. ಸ್ಥೂಲಕಾಯದ ಮಕ್ಕಳಲ್ಲಿ ತೊಂದರೆ ಉಳಿದುಕೊಳ್ಳುವ ಸಂಭವ ಹೆಚ್ಚಾದ್ದರಿಂದ, ಶಸ್ತ್ರಚಿಕಿತ್ಸೆಯ ತರುವಾಯ ಮರುಪರೀಕ್ಷೆ ಆಯಿತೇ ಎಂದು ಕೆಲವು ತಿಂಗಳ ಬಳಿಕ ವಿಚಾರಿಸಬೇಕು.