ಕಹಿಯೆಲ್ಲ ಜ್ವರದ ಮದ್ದಲ್ಲ

ಶಹಾಪುರ, ಸುರಪುರದ ಕಡೆ ಮೈ ಬಿಸಿಯಾದರೆ ಹಿರಿಯರು ಮೊದಲು ನೆನೆಯುವುದು ಕಹಿಯನ್ನು: ಬೇವಿನ ತೊಗಟೆ, ಅಮೃತಬಳ್ಳಿ, ನೆಲಬೇವು. ಆನ್‌ಲೈನ್‌ನಲ್ಲಿ ಸಿಗುವ ವಿಲ್ಲೋ ತೊಗಟೆಯ ಪುಡಿಯನ್ನೂ ಈಗ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಕ್ರಿಕೆಟ್ ಬ್ಯಾಟಿನ ಕಟ್ಟಿಗೆಯಾಗಿ ನಮಗೆ ಪರಿಚಯವಾದ ಮರ ಅದು. ಅದರ ನಮ್ಮ ನಾಡಿನ ಬಳಗ ನೀರವಂಜಿ. ಹೊಳೆದಂಡೆಯ ಮರ, ಇಲ್ಲಿನ ಎರೆಹೊಲದ್ದಲ್ಲ.

ಕಹಿಯಿದ್ದರೆ ಜ್ವರ ಬಿಡುತ್ತದೆ ಎಂಬ ತರ್ಕ ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ವಿಲ್ಲೋ ತೊಗಟೆಯ ರುಚಿ ನೋಡಿ, ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯ ಕಹಿ ನೆನಪಾಗಿ, ಒಣಗಿಸಿ ಪುಡಿ ಮಾಡಿ ಸುಮಾರು 50 ಜ್ವರಪೀಡಿತರಿಗೆ ಕೊಟ್ಟರು. 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದರು. ಊಹೆ ಅರ್ಧ ಫಲಿಸಿತ್ತು. ಸಿಂಕೋನಾದ ಕ್ವಿನೈನ್ ಮಲೇರಿಯಾದ ಪರೋಪಜೀವಿಯನ್ನೇ ಕೊಲ್ಲುತ್ತದೆ. ವಿಲ್ಲೋದ ಸ್ಯಾಲಿಸಿನ್ ನೋವು, ಮೈಬಿಸಿ ತಗ್ಗಿಸುತ್ತದೆ, ರೋಗ ಒಳಗೇ ಉಳಿಯುತ್ತದೆ. ಬೇವಿನ ಕಹಿಯಂತೂ ಬೇರೆಯೇ ರಾಸಾಯನಿಕಗಳದ್ದು.

‘ಆಸ್ಪಿರಿನ್ ಎಂದರೆ ವಿಲ್ಲೋ ತೊಗಟೆಯ ಸಾರ’ ಎನ್ನುವುದೂ ತಪ್ಪು. ಸ್ಯಾಲಿಸಿನ್‌ನ ನಂಟಿನ ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟೈಲ್ ಗುಂಪು ಜೋಡಿಸಿ 1897ರಲ್ಲಿ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ವಸ್ತು ಅದು. ತೊಗಟೆಯಲ್ಲಿ ಅದು ಇಲ್ಲ.

ಹಾಗಂತ ತೊಗಟೆ ನಿಷ್ಪ್ರಯೋಜಕವಲ್ಲ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 240 ಮಿಲಿಗ್ರಾಂ ಸ್ಯಾಲಿಸಿನ್ ಇರುವ ಸಾರ ಸೊಂಟನೋವಿಗೆ ಹುಸಿಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ಅಲ್ಲಿ ಅಳತೆ ಖಚಿತ. ಜಾತಿ, ಮರದ ವಯಸ್ಸು, ಋತು ಬದಲಾದಂತೆ ಸ್ಯಾಲಿಸಿನ್ ಪ್ರಮಾಣವೂ ಬದಲಾಗುತ್ತದೆ. ಎಲೆಗೂ ಇದೇ ಮಾತು. ಒಂದು ಹಿಡಿ ಕುದಿಸಿದರೆ ಲೋಟಕ್ಕೆ ಎಷ್ಟು ಇಳಿಯಿತೆಂದು ಯಾರು ಹೇಳಬೇಕು?

ನಿಜಾಮರ ಕಾಲದಿಂದ ಯುನಾನಿ ರೂಢಿಯಲ್ಲಿರುವ ಸೀಮೆ ಇದು. ಹಕೀಮರ ಅರ್ಕ್ ಬೇದ್‌ಮುಷ್ಕ್ ಕೂಡ ವಿಲ್ಲೋ ಬಳಗದ್ದೇ. ಆದರೆ ಅದು ಹೂವಿನಿಂದ ಭಟ್ಟಿ ಇಳಿಸಿದ ನೀರು. ಸ್ಯಾಲಿಸಿನ್ ಆವಿಯೊಡನೆ ಮೇಲೇರುವುದಿಲ್ಲ. ನೋವಿಗೆಂದು ಅದನ್ನು ಕುಡಿದು ಫಲವಿಲ್ಲ.

ನನಗೆ ಹೆಚ್ಚು ಅಂಜಿಕೆ ಹುಟ್ಟಿಸುವುದು ‘ಗಿಡದ್ದಲ್ಲ, ಏನಾಗ್ತದ?’ ಎಂಬ ಮಾತು. ಮಳೆಗಾಲದ ಜ್ವರ ಡೆಂಗಿಯಾಗಿದ್ದರೆ ರಕ್ತಸ್ರಾವದ ಭಯವಿರುತ್ತದೆ. ಅದಕ್ಕೇ ವೈದ್ಯರು ಆಸ್ಪಿರಿನ್ ಬೇಡವೆನ್ನುತ್ತಾರೆ. ತೊಗಟೆಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ ಆಸ್ಪಿರಿನ್ನಿನಷ್ಟಿಲ್ಲ, ನಿಜ. ಆದರೂ ಡೆಂಗಿಯ ಶಂಕೆಯಿದ್ದಾಗ, ಆಸ್ಪಿರಿನ್ ಒಗ್ಗದವರಿಗೆ, ಹೊಟ್ಟೆಹುಣ್ಣಿರುವವರಿಗೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ, ಮಕ್ಕಳಿಗೆ ಈ ತೊಗಟೆ ಸಲ್ಲದು. ಜ್ವರಕ್ಕೆ ವೈದ್ಯರು ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಸಾಕು, ರಕ್ತಪರೀಕ್ಷೆ ತಡವಾಗಬಾರದು. ಕಷಾಯ ಆಗಲೇ ಕುಡಿದಿದ್ದರೆ ಅದರಲ್ಲಿ ಏನೇನು ಹಾಕಿತ್ತೆಂದು ಡಾಕ್ಟರಿಗೆ ಹೇಳಿ. ಬೈಯಬಹುದು, ಬೈಸಿಕೊಳ್ಳಿ.